ಎಲ್ಲರೂ ಅತ್ತರು, ನನಗೆ ಮಾತ್ರ ಅಳು ಬರಲಿಲ್ಲ. ನನ್ನದು ಕಲ್ಲು ಮನಸ್ಸಾ?

ಪ್ರಶ್ನೆ: ಮೇಡಂ, ಹೋದ ತಿಂಗಳು ಗೆಳತಿಯರ ಜೊತೆ ಒಂದು ಸಿನಿಮಾಕ್ಕೆ ಹೋಗಿದ್ದೆ. ಗಂಡನ ಹೊಡೆತ ತಿನ್ನುವ ಹೆಂಗಸಿನ ಕಥೆ. ಸುತ್ತಲೂ ಎಲ್ಲರೂ ಅಳುತ್ತಿದ್ದರು, ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಬದಲಿಗೆ ಸಿಟ್ಟು ಬಂತು. ಅದೂ ಗಂಡನ ಪಾತ್ರದ ಮೇಲಲ್ಲ, ಸಿನಿಮಾ ಮಾಡಿದವರ ಮೇಲೆ. ನಡುವೆ ಎರಡು ಸಲ ಆಕಳಿಕೆ ಬೇರೆ. ಹೊರಗೆ ಬಂದು ಹೇಳಿದ್ದಕ್ಕೆ ಒಬ್ಬಳು ‘ನಿನ್ನದು ಕಲ್ಲು ಮನಸ್ಸು ಕಣೇ’ ಅಂದಳು. ಆದರೆ ಇದೇ ನಾನು, ಒಬ್ಬ ಮುದುಕ ಕಳೆದುಹೋದ ನಾಯಿಯನ್ನು ಹುಡುಕುತ್ತಾ ಹೋಗುವ ಒಂದು ಚಿಕ್ಕ ಸಿನಿಮಾ ನೋಡಿ ವಾರಗಟ್ಟಲೆ ಅತ್ತಿದ್ದೇನೆ. ಆ ಹೊಡೆತದ ಸಿನಿಮಾದಲ್ಲಿ ಈಗ ನನಗೆ ನೆನಪಿರುವುದು ಒಂದೇ: ಅವಳು ಒಂದೇ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡುತ್ತಾಳೆ. ನನಗೇನಾದರೂ ಆಗಿದೆಯಾ? ಇಂಥ ಸಿನಿಮಾಗಳನ್ನು ಬಲವಂತವಾಗಿಯಾದರೂ ನೋಡಬೇಕಾ?

ಉತ್ತರ: ನಿಮಗೆ ಏನೂ ಆಗಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಪ್ರತಿ ಸಾಲಿನಲ್ಲೂ ಆ ಭಯ ಕಾಣುತ್ತಿದೆ. ಕಲ್ಲು ಮನಸ್ಸಿನವರು ‘ನನಗೆ ಯಾಕೆ ಅಳು ಬರಲಿಲ್ಲ’ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡು ಪತ್ರ ಬರೆಯುವುದಿಲ್ಲ.

ನಾನು ಆಪ್ತ ಸಮಾಲೋಚನೆ ಮಾಡುವವಳು. ಅದರ ಜೊತೆಗೆ ಬಹಳ ವರ್ಷಗಳಿಂದ ಸಿನಿಮಾ ತೋರಿಸಿ, ಆಮೇಲೆ ಕೂತು ಮಾತಾಡುವ ಒಂದು ಗುಂಪನ್ನೂ ನಡೆಸುತ್ತಿದ್ದೇನೆ. ಜಾತಿ, ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯ, ಆತ್ಮಹತ್ಯೆ, ಲಿಂಗತ್ವ, ಇಂಥ ವಿಷಯದ ಸಿನಿಮಾಗಳೇ ಜಾಸ್ತಿ. ಕತ್ತಲಾದ ಮೇಲೆ ನಾನು ಒಂದು ಬದಿಯಲ್ಲಿ ಕೂತು ಪರದೆಯ ಬದಲು ಜನರ ಮುಖ ನೋಡುತ್ತೇನೆ. ಅಲ್ಲಿ ಕಾಣುವುದನ್ನು ನೀವೊಮ್ಮೆ ನೋಡಬೇಕಿತ್ತು. ಒಬ್ಬರು ಅಳುತ್ತಿರುತ್ತಾರೆ, ನಿಜ. ಪಕ್ಕದವರು ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತಿರುತ್ತಾರೆ. ಇನ್ನೊಬ್ಬರು ಸರಿಯಾಗಿ ಅದೇ ದೃಶ್ಯದ ಹೊತ್ತಿಗೆ ಎದ್ದು ಬಾತ್‌ರೂಮಿಗೆ ಹೋಗುತ್ತಾರೆ. ಯಾರೋ ನಕ್ಕುಬಿಡುತ್ತಾರೆ, ನಕ್ಕಿದ್ದಕ್ಕೆ ತಾವೇ ಬೆಚ್ಚುತ್ತಾರೆ. ಆಕಳಿಸುವವರಂತೂ ಬೇಕಾದಷ್ಟು ಜನ. ಆಕಳಿಕೆ ಎಂದರೆ ಬೇಸರ ಎಂದೇ ನಾವೆಲ್ಲ ತಿಳಿದಿದ್ದೇವೆ, ಆದರೆ ಸ್ಪರ್ಧೆಗೆ ಇಳಿಯುವ ಮುಂಚೆ ಓಟಗಾರರೂ ಆಕಳಿಸುತ್ತಾರೆ. ಮೈ ಬಿಗಿದುಕೊಂಡಾಗಲೂ ಆಕಳಿಕೆ ಬರುತ್ತದೆ. ಹಾಗಾಗಿ ನಿಮ್ಮ ಎರಡು ಆಕಳಿಕೆಯಿಂದ ನಾನು ಏನನ್ನೂ ತೀರ್ಮಾನ ಮಾಡುವುದಿಲ್ಲ, ನೀವೂ ಮಾಡಬೇಡಿ.

ಕಣ್ಣೀರಿನ ವಿಷಯವೂ ಅಷ್ಟೇ. ಕತ್ತಲಲ್ಲಿ ಒಬ್ಬರು ಬಿಕ್ಕಿದರೆ ಪಕ್ಕದವರ ಗಂಟಲೂ ಕಟ್ಟುತ್ತದೆ, ಅದು ಅಂಟುತ್ತದೆ. ನಿಮ್ಮ ಗೆಳತಿಯರು ಅತ್ತದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಳು ಬಂದವರ ಮನಸ್ಸು ದೊಡ್ಡದು, ಬರದವರದು ಚಿಕ್ಕದು ಎಂಬ ಅಳತೆ ತಪ್ಪು, ಅಷ್ಟೇ.

ಹಾಗಾದರೆ ಅಳು ಯಾಕೆ ಬರಲಿಲ್ಲ? ಎರಡು ಕಡೆ ಹುಡುಕಬೇಕು, ನಿಮ್ಮೊಳಗೆ ಮತ್ತು ಸಿನಿಮಾದೊಳಗೆ. ಜನ ಸಾಮಾನ್ಯವಾಗಿ ಒಂದೇ ಕಡೆ ಹುಡುಕಿ ಸುಮ್ಮನಾಗುತ್ತಾರೆ. ‘ನನ್ನದೇ ತಪ್ಪು’ ಅಂತ ಕೊರಗುತ್ತಾರೆ, ಇಲ್ಲವೇ ‘ಸಿನಿಮಾ ಕೆಟ್ಟದಾಗಿದೆ’ ಅಂತ ಬೈದು ಮುಗಿಸುತ್ತಾರೆ.

ಈ ಮಾತು ಹೊಸದೇನಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ, ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುವಾಗ, ನೋಡುವವನಿಗೆ ರಸ ದಕ್ಕದಂತೆ ಅಡ್ಡ ಬರುವ 7 ವಿಘ್ನಗಳನ್ನು ಹೇಳುತ್ತಾನೆ. ಅದರಲ್ಲಿ ಒಂದು, ತನ್ನ ಸ್ವಂತ ಸುಖದುಃಖದಲ್ಲೇ ಮುಳುಗಿಹೋಗಿರುವುದು. ರಂಗದ ಮೇಲಿನ ದುಃಖ ಯಾರೊಬ್ಬರದೂ ಅಲ್ಲದ ಹಾಗಿದ್ದಾಗ ಮಾತ್ರ ಅದು ಎಲ್ಲರದೂ ಆಗುತ್ತದೆ, ಆಗ ಕರುಣ ರಸ ಹುಟ್ಟುತ್ತದೆ. ‘ಅಯ್ಯೋ, ಇದು ನನ್ನದೇ’ ಅಂತ ಅನ್ನಿಸಿತೋ, ರಸ ಹೋಯಿತು, ಬರೀ ನೋವು ಉಳಿಯಿತು. ಇನ್ನೊಂದು ವಿಘ್ನವೂ ಇದೆ: ತೋರಿಸುತ್ತಿರುವುದು ನಡೆಯಬಹುದಾದದ್ದು ಅಂತ ಅನ್ನಿಸದೇ ಇರುವುದು. ಮೊದಲನೆಯದು ನೋಡುವವನಲ್ಲಿರುವ ಅಡ್ಡಿ, ಎರಡನೆಯದು ಬಹುಮಟ್ಟಿಗೆ ಆಟದಲ್ಲೇ ಇರುವ ಕೊರತೆ. ನೋಡುವವನನ್ನೂ ಬಿಡಲಿಲ್ಲ, ಆಡುವವರನ್ನೂ ಬಿಡಲಿಲ್ಲ. ನನಗೆ ಇಷ್ಟವಾಗುವುದು ಇದೇ.

ಮೊದಲು ನಮ್ಮೊಳಗಿನ ಮಾತು. ನಮ್ಮ ಗುಂಪಿಗೆ ಐವತ್ತು ದಾಟಿದ ಒಬ್ಬರು ಬರುತ್ತಿದ್ದರು (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ). ಮಕ್ಕಳ ಮೇಲಿನ ದೌರ್ಜನ್ಯದ ಒಂದು ಸಿನಿಮಾ ಮುಗಿದ ಮೇಲೆ ಅವರು ಹೇಳಿದ್ದು ಎರಡೇ ಮಾತು: ‘ತುಂಬಾ ನಿಧಾನ. ಬೋರ್ ಆಯ್ತು.’ ಬೇರೆಯವರಿಗೆ ಸಿಟ್ಟು ಬಂತು, ಇಂಥ ವಿಷಯಕ್ಕೆ ಬೋರ್ ಅಂತಾರಾ ಅಂತ. ನಾಲ್ಕು ವಾರ ಕಳೆದ ಮೇಲೆ, ಬೇರೆ ಯಾವುದೋ ಸಿನಿಮಾದ ಮಾತು ನಡೆಯುವಾಗ, ಅವರೇ ಮೆಲ್ಲಗೆ ಶುರು ಮಾಡಿದರು. ಆ ಸಿನಿಮಾದಲ್ಲಿ ಏನನ್ನೂ ತೋರಿಸಿರಲಿಲ್ಲ. ಒಂದು ಬಾಗಿಲು ಮುಚ್ಚುತ್ತದೆ, ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳುತ್ತದೆ, ಅಷ್ಟೇ. ‘ಆ ಚಿಲಕ ಬಿದ್ದ ಮೇಲೆ ಏನು ನೋಡಿದೆ ಅಂತ ನನಗೆ ನೆನಪೇ ಇಲ್ಲ. ಅರ್ಧ ಗಂಟೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ’ ಅಂದರು. ಹೇಳುವಾಗ ಅವರ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಹಿಂದೆ ಮುಂದೆ ಸರಿಯುತ್ತಿತ್ತು, ಚಿಲಕ ಸರಿಸುವ ಹಾಗೆ. ಅವರಿಗೆ ಅದು ಗೊತ್ತಿರಲಿಲ್ಲ. ಬೋರ್ ಆಗಿರಲಿಲ್ಲ ಅವರಿಗೆ, ಅವರು ಅಲ್ಲಿ ಇರಲೇ ಇಲ್ಲ.

ಭಯವಾದಾಗ ಓಡುವುದು, ತಿರುಗಿ ಬೀಳುವುದು, ಎರಡೂ ಆಗದಿದ್ದರೆ ಮರಗಟ್ಟುವುದು. ಮೈಗೆ ಗೊತ್ತಿರುವ ದಾರಿಗಳು ಇವೇ. ಸೀಟಿನಲ್ಲಿ ಕೂತವರು ಮರಗಟ್ಟಿದರೆ ಹೊರಗಿನವರ ಕಣ್ಣಿಗೆ ಅದು ‘ಏನೂ ಅನ್ನಿಸಲಿಲ್ಲ’ ಅಂತಲೇ ಕಾಣುತ್ತದೆ. ನಿಮ್ಮ ಜೀವನದಲ್ಲೂ ಹಾಗೇನೋ ನಡೆದಿದೆ ಅಂತ ನಾನು ಊಹಿಸುತ್ತಿಲ್ಲ. ಒಂದು ಪತ್ರ ಓದಿ ಹಾಗೆ ಊಹಿಸುವುದು ತಪ್ಪು. ಸ್ವಂತಕ್ಕೆ ನಡೆದಿರಲೇಬೇಕು ಅಂತಲೂ ಇಲ್ಲ. ಪಕ್ಕದ ಮನೆಯ ಗೋಡೆಯಾಚೆ ಚಿಕ್ಕಂದಿನಲ್ಲಿ ಕೇಳಿದ ಸದ್ದು ಸಾಕು.

ನನ್ನದೇ ಒಂದು ಉದಾಹರಣೆ ಹೇಳಲೇಬೇಕು. ಅಪ್ಪ ತೀರಿಕೊಂಡ ಮೂರ್ನಾಲ್ಕು ತಿಂಗಳಿಗೆ ಒಂದು ಸಿನಿಮಾ ನೋಡಿದೆ. ಅದರಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಮಗಳೊಬ್ಬಳು ಕಾಯುತ್ತಾ ಕೂತಿರುತ್ತಾಳೆ, ಕ್ಯಾಮೆರಾ ಅವಳ ಮುಂದೆ ಸುಮ್ನೆ ನಿಂತಿರುತ್ತದೆ. ನಾನು ಎದ್ದು ಹೊರಗೆ ಬಂದೆ. ಆಮೇಲೆ ಎಲ್ಲರ ಹತ್ತಿರವೂ ಅದು ಸತ್ತ ಸಿನಿಮಾ, ಜೀವವೇ ಇಲ್ಲ, ಸಾವನ್ನು ಇಟ್ಟುಕೊಂಡು ಆಟ ಆಡಿದ್ದಾರೆ ಅಂತ ಹೇಳಿಕೊಂಡು ತಿರುಗಿದೆ. ಎರಡು ವರ್ಷದ ಮೇಲೆ ಮತ್ತೆ ನೋಡಿದೆ. ಎಷ್ಟು ಒಳ್ಳೆಯ ಸಿನಿಮಾ ಅದು! ಆ ಕಾರಿಡಾರಿನ ದೃಶ್ಯ ಇರಬೇಕಾದ್ದು ಹಾಗೇ. ಒಂದು ಒಳ್ಳೆಯ ಕೆಲಸದ ಬಗ್ಗೆ ಹತ್ತು ಜನರಿಗೆ ತಪ್ಪು ಹೇಳಿದೆನಲ್ಲ ಎಂಬ ಸಂಕಟ ಈಗಲೂ ಇದೆ.

ಅದಕ್ಕೇ ನಿಮ್ಮ ಸಿಟ್ಟನ್ನು ನಂಬುವ ಮುಂಚೆ ಒಂದು ಸಲ ಪರೀಕ್ಷೆ ಮಾಡಿ ಅಂತ ಹೇಳುತ್ತೇನೆ. ಪರೀಕ್ಷೆ ಸುಲಭ. ಸಿಟ್ಟು ಯಾವ ಕ್ಷಣದಲ್ಲಿ ಬಂತು? ಇಡೀ ಸಿನಿಮಾದ ಮೇಲೆ ಅಂತ ಹೇಳಬೇಡಿ, ಕ್ಷಣ ಹೇಳಿ. ಆಗ ಪರದೆಯ ಮೇಲೆ ಏನಿತ್ತು, ಯಾವ ಸದ್ದು ಇತ್ತು, ಕ್ಯಾಮೆರಾ ಎಲ್ಲಿತ್ತು? ಒಂದು ಕಾಗದದ ಮೇಲೆ ಬರೆದು ನೋಡಿ. ಅದು ಎಲ್ಲರ ಮನೆಯಲ್ಲೂ ಇರುವ ಬಾಗಿಲು, ಚಪ್ಪಲಿ, ಕೆಮ್ಮಿನ ಸದ್ದಿನಂಥ ಯಾವುದೋ ಸಣ್ಣ ವಸ್ತುವಾಗಿದ್ದರೆ ನಿಮ್ಮೊಳಗೆ ಹುಡುಕಿ. ಕ್ಯಾಮೆರಾ ಮಾಡಿದ ಒಂದು ಕೆಲಸವಾಗಿದ್ದರೆ, ಸಿಟ್ಟಿಗೆ ಕಾರಣ ಸಿನಿಮಾದೊಳಗೇ ಇರಬಹುದು.

ಈಗ ಆ ಸಿನಿಮಾದೊಳಗಿನ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇದು. 1960ರಲ್ಲಿ ಇಟಲಿಯ ಜಿಲ್ಲೊ ಪೊಂಟೆಕೋರ್ವೊ ಅವರು ನಾಜಿ ಶಿಬಿರದ ಬಗ್ಗೆ ‘ಕಾಪೊ’ ಎಂಬ ಸಿನಿಮಾ ಮಾಡಿದರು. ಅದರಲ್ಲಿ ಒಬ್ಬ ಕೈದಿ ಹೆಂಗಸು ಮುಳ್ಳುತಂತಿಯ ಬೇಲಿಗೆ ಮೈಯೊಡ್ಡಿ ಸಾಯುತ್ತಾಳೆ. ಆಗ ಕ್ಯಾಮೆರಾ ಮೆಲ್ಲಗೆ ಮುಂದೆ ಸರಿಯುತ್ತದೆ, ಅವಳ ಕೈ ಚೌಕಟ್ಟಿನಲ್ಲಿ ಚೆನ್ನಾಗಿ ಕೂರುವ ಹಾಗೆ ಹೊಂದಿಸಿಕೊಳ್ಳುತ್ತದೆ. ಅಷ್ಟೇ, ಕೆಲವೇ ಸೆಕೆಂಡು. 1961ರಲ್ಲಿ ಫ್ರಾನ್ಸಿನ ಸಿನಿಮಾ ವಿಮರ್ಶಕ ಜಾಕ್ ರಿವೆಟ್ ಆ ಒಂದು ಚಲನೆಯನ್ನು ಹಿಡಿದು ಲೇಖನ ಬರೆದರು: ಆ ಹೊತ್ತಿನಲ್ಲಿ, ಆ ಸಾವಿನ ಮುಂದೆ ನಿಂತು, ಚೌಕಟ್ಟು ಚಂದ ಕಾಣಲಿ ಅಂತ ಯೋಚಿಸಿದವನಿಗೆ ತಿರಸ್ಕಾರವಲ್ಲದೆ ಬೇರೇನೂ ಸಲ್ಲದು ಅನ್ನುವ ಅರ್ಥದಲ್ಲಿ. ಬಹಳ ಕಟುವಾದ ಮಾತು. ನಾನು ಅಷ್ಟು ಕಟುವಾಗಿ ಹೇಳಲಾರೆ. ಆದರೆ ಅದರ ತಿರುಳು ನಿಜ. ನೋವಿನ ವಿಷಯ ಎತ್ತಿಕೊಂಡ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗುವುದಿಲ್ಲ. ಆ ನೋವಿನ ಮುಂದೆ ಕ್ಯಾಮೆರಾ ಹೇಗೆ ನಿಂತಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹೊಡೆತದ ದೃಶ್ಯದಲ್ಲಿ ನಮಗೆ ಯಾರ ಮುಖ ತೋರಿಸಿದರು ಅಂತ ನೆನಪು ಮಾಡಿಕೊಳ್ಳಿ. ಹೊಡೆಯುವವನ ಎತ್ತರದಿಂದ ಕೆಳಗೆ ಬಿದ್ದವಳನ್ನು ನೋಡಿದೆವಾ, ಅಥವಾ ಬಿದ್ದವಳ ಕಣ್ಣಿನ ಮಟ್ಟದಲ್ಲಿ ಅವನ ಕಾಲು ನೋಡಿದೆವಾ? ಹೊಡೆತ ನಿಂತ ತಕ್ಷಣ ದೃಶ್ಯ ಕತ್ತರಿಸಿ ಮುಂದೆ ಹೋದರಾ, ಅಥವಾ ಅವಳು ಎದ್ದು, ಕೂದಲು ಸರಿಮಾಡಿಕೊಂಡು, ಬಿದ್ದ ಕುರ್ಚಿ ಎತ್ತಿಡುವವರೆಗೆ ಕಾದರಾ? ಇದು ಬಹಳ ದೊಡ್ಡ ವ್ಯತ್ಯಾಸ. ಹೊಡೆಯುವುದು ಒಂದು ನಿಮಿಷದ ಕೆಲಸ, ಹೊಡೆಸಿಕೊಂಡವಳ ಬದುಕು ಇರುವುದು ಅದರ ನಂತರದ ಗಂಟೆಗಳಲ್ಲಿ. ಬರೀ ಆ ಒಂದು ನಿಮಿಷವನ್ನೇ ಮೂರು ಕೋನದಿಂದ ತೋರಿಸಿ, ಪಿಟೀಲು ಸೇರಿಸಿ, ನಿಧಾನಗತಿಯಲ್ಲಿ ಬೀಳಿಸಿದರೆ ನೋಡುವವರಿಗೆ ‘ಈಗ ಅಳಿ’ ಅಂತ ಆರ್ಡರ್ ಕೊಟ್ಟ ಹಾಗೆ. ಕೆಲವರು ಅಳುತ್ತಾರೆ. ಕೆಲವರಿಗೆ ಮೈ ಉರಿಯುತ್ತದೆ, ನಿಮ್ಮ ಹಾಗೆ.

ಇನ್ನೊಂದು ನನ್ನ ಕಣ್ಣಿಗೆ ಪದೇ ಪದೇ ಬೀಳುತ್ತದೆ. ನೊಂದ ಪಾತ್ರಕ್ಕೆ ನೋವು ಬಿಟ್ಟು ಬೇರೇನೂ ಕೊಟ್ಟಿರುವುದಿಲ್ಲ. ಅವಳಿಗೊಂದು ಇಷ್ಟದ ಹಾಡು ಇಲ್ಲ, ಜಗಳವಾಡುವ ಅಕ್ಕ ಇಲ್ಲ, ಸಣ್ಣ ಸುಳ್ಳು ಹೇಳುವ ಚಾಳಿ ಇಲ್ಲ. ಅವಳು ಇರುವುದೇ ಹೊಡೆಸಿಕೊಳ್ಳಲು, ಆಮೇಲೆ ಯಾರೋ ಬಂದು ಕಾಪಾಡಲು. ಅಂಥ ಪಾತ್ರದ ಮೇಲೆ ಕನಿಕರ ಬರಬಹುದು, ಒಡನಾಟ ಹುಟ್ಟುವುದಿಲ್ಲ. ನಿಮ್ಮ ಮುದುಕ ಮತ್ತು ನಾಯಿಯ ಸಿನಿಮಾ ನಾನು ನೋಡಿಲ್ಲ, ಆದರೂ ಅದರಲ್ಲಿ ಅವನು ನಾಯಿಯನ್ನು ಕರೆಯುವ ದನಿ ನಿಮಗೆ ಈಗಲೂ ನೆನಪಿರಬೇಕು, ಅಲ್ವಾ? ಒಬ್ಬ ಮನುಷ್ಯನ ಪರಿಚಯವಾದ ಮೇಲೆ ಅವನ ನಾಯಿ ಕಳೆದರೂ ಸಾಕು, ನಮ್ಮ ಎದೆ ಹಿಂಡುತ್ತದೆ. ಜೊತೆಗೆ, ‘ಇದು ಗಂಭೀರ ವಿಷಯದ ಸಿನಿಮಾ’ ಅಂತ ಮೊದಲೇ ಗೊತ್ತಿದ್ದರೆ ಮನಸ್ಸು ಕಾವಲು ಹಾಕಿಕೊಂಡೇ ಒಳಗೆ ಹೋಗುತ್ತದೆ. ನಾಯಿಯ ಸಿನಿಮಾಕ್ಕೆ ಯಾರು ಕಾವಲು ಹಾಕುತ್ತಾರೆ? ಎಷ್ಟೋ ಸಲ ಒಂದು ಕಡೆ ತಡೆದ ಅಳು ಇನ್ನೊಂದು ಕಡೆ ಹರಿಯುತ್ತದೆ.

‘ಆದರೆ ವಿಷಯ ಅಷ್ಟು ದೊಡ್ಡದು, ಅದರಲ್ಲಿ ತಪ್ಪು ಹುಡುಕಬಾರದು’ ಅಂತ ನಿಮ್ಮ ಗೆಳತಿಯರು ಹೇಳಬಹುದು. ಇದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಉತ್ತರ ಒಂದು ಹಳೆಯ ಘಟನೆ. 1978ರಲ್ಲಿ ಅಮೆರಿಕದ ಟಿವಿಯಲ್ಲಿ ‘ಹೋಲೊಕಾಸ್ಟ್’ ಎಂಬ ಧಾರಾವಾಹಿ ಬಂತು, ನಾಜಿಗಳು ನಡೆಸಿದ ಯಹೂದಿಗಳ ಕಗ್ಗೊಲೆಯ ಮೇಲೆ. ಔಶ್ವಿಟ್ಸ್ ಶಿಬಿರದಿಂದ ಬದುಕಿ ಬಂದಿದ್ದ ಲೇಖಕ ಎಲಿ ವೀಸೆಲ್ ಅದನ್ನು ಕಟುವಾಗಿ ಟೀಕಿಸಿದರು. ತಾವು ಕಣ್ಣಾರೆ ಕಂಡದ್ದನ್ನು ಅಗ್ಗದ ಕಥೆ ಮಾಡಿದ್ದಾರೆ ಎಂಬುದು ಅವರ ಸಂಕಟ. ಮರುವರ್ಷ, 1979ರ ಜನವರಿಯಲ್ಲಿ, ಅದೇ ಧಾರಾವಾಹಿ ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವಾಯಿತು. ಸುಮಾರು 2 ಕೋಟಿ ಜನ ನೋಡಿದರು. ಪ್ರತಿ ಕಂತು ಮುಗಿದ ಮೇಲೆ ಸ್ಟುಡಿಯೊದಲ್ಲಿ ಇತಿಹಾಸ ಬಲ್ಲವರು ಕೂತು ಫೋನ್ ಮಾಡಿದವರಿಗೆ ಉತ್ತರ ಕೊಡುತ್ತಿದ್ದರು. ಸಾವಿರಾರು ಕರೆ ಬಂದವು, ಅತ್ತವರು, ಬೈದವರು, ‘ನಮ್ಮ ಅಪ್ಪ ಆಗ ಎಲ್ಲಿದ್ದ’ ಅಂತ ಮೊದಲ ಸಲ ಕೇಳಿಕೊಂಡವರು. ಕೊಲೆ ಪ್ರಕರಣಗಳಿಗೆ ಇದ್ದ ಕಾಲಮಿತಿಯನ್ನು ತೆಗೆಯಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿ ಮೊದಲಿನಿಂದ ಇತ್ತು. ಆ ವರ್ಷ ಜುಲೈನಲ್ಲಿ ಸಂಸತ್ತು ಆ ಮಿತಿಯನ್ನು ತೆಗೆದುಹಾಕಿತು, ನಾಜಿ ಕೊಲೆಗಾರರ ಮೇಲೆ ಮುಂದೆಯೂ ಮೊಕದ್ದಮೆ ಹೂಡಲು ದಾರಿ ಉಳಿಯಿತು. ಆ ಚರ್ಚೆಗೆ ಧಾರಾವಾಹಿಯೂ ಬಿಸಿ ಕೊಟ್ಟಿತ್ತು.

ಈಗ ಹೇಳಿ, ವೀಸೆಲ್ ಅವರ ಸಿಟ್ಟು ತಪ್ಪಾ? ಫೋನ್ ಹಿಡಿದು ಅತ್ತ ಜರ್ಮನರ ಕಣ್ಣೀರು ಸುಳ್ಳಾ? ಎರಡೂ ಅಲ್ಲ. ಒಬ್ಬರಿಗೆ ಅದು ಗೊತ್ತಿದ್ದ ನೋವಿನ ಕೆಟ್ಟ ನಕಲು, ಇನ್ನೊಬ್ಬರಿಗೆ ಗೊತ್ತೇ ಇಲ್ಲದ ನೋವಿನ ಮೊದಲ ಸುದ್ದಿ. ನಿಮ್ಮ ಸೀಟಿನಲ್ಲಿ ಮತ್ತು ಪಕ್ಕದ ಸೀಟಿನಲ್ಲಿ ಅವತ್ತು ನಡೆದದ್ದೂ ಬಹುಶಃ ಇಷ್ಟೇ. ನಿಮ್ಮ ಗೆಳತಿಗೆ ಇದನ್ನು ಹೇಳಿ ನೋಡಿ, ಜಗಳ ಮಾಡದೆ. ಅವಳ ಅಳುವನ್ನು ಕೀಳು ಮಾಡದೆ ನಿಮ್ಮ ಸಿಟ್ಟನ್ನು ಉಳಿಸಿಕೊಳ್ಳಬಹುದು.

ಅತ್ತರೆ ಏನಾದರೂ ಆಗುತ್ತದೆಯೇ ಅನ್ನುವುದು ನೀವು ಕೇಳದ ಪ್ರಶ್ನೆ, ಆದರೂ ಒಂದು ಮಾತು. 1966ರ ನವೆಂಬರಿನಲ್ಲಿ ಬ್ರಿಟನ್ನಿನ ಬಿಬಿಸಿಯಲ್ಲಿ ಕೆನ್ ಲೋಚ್ ನಿರ್ದೇಶಿಸಿದ, ಮನೆ ಕಳೆದುಕೊಂಡ ಒಂದು ಸಂಸಾರದ ಕಥೆ ಬಂತು. ಸುಮಾರು 1.2 ಕೋಟಿ ಜನ ನೋಡಿ ತತ್ತರಿಸಿದರು. ಮನೆಯಿಲ್ಲದವರಿಗಾಗಿ ಮೊದಲೇ ತಯಾರಾಗಿದ್ದ ‘ಶೆಲ್ಟರ್’ ಎಂಬ ಸಂಸ್ಥೆ ಕೆಲವೇ ದಿನಗಳಲ್ಲಿ ಶುರುವಾಯಿತು, ಕಲಕಿದ ಮನಸ್ಸುಗಳಿಗೆ ಹೋಗಿ ಸೇರಲು ಒಂದು ಬಾಗಿಲು ಸಿಕ್ಕಿತು. ಜರ್ಮನಿಯಲ್ಲೂ ಕಂತು ಮುಗಿದ ಕೂಡಲೇ ಮಾತಾಡಲು ಒಂದು ಫೋನ್ ಇತ್ತು. ನಾವು ಸಿನಿಮಾ ನೋಡಿ, ಟಿಶ್ಯೂ ಎಸೆದು, ಆಟೊ ಹತ್ತಿದರೆ ಅಳು ಅಲ್ಲಿಗೇ ಮುಗಿಯುತ್ತದೆ. ನಾನು ಗುಂಪು ನಡೆಸುವುದು ಇದೇ ಕಾರಣಕ್ಕೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಬಲವಂತವಾಗಿ ನೋಡಬೇಕಾ? ಬೇಡ. ನೋಡುವುದು ಪರೀಕ್ಷೆಯಲ್ಲ, ಎದ್ದು ಹೊರಗೆ ಹೋಗುವುದು ಸೋಲಲ್ಲ. ಇಂಥ ವಿಷಯ ತಿಳಿಯಲು ಪುಸ್ತಕ ಇದೆ, ವರದಿ ಇದೆ, ಅನುಭವಿಸಿದವರ ಮಾತು ಇದೆ. ‘ಅಂಥದ್ದು ನಡೆಯುತ್ತದೆ ಅಂತ ನನಗೆ ಗೊತ್ತಾಗುವುದೇ ಬೇಡ’ ಎಂದು ಮುಖ ತಿರುಗಿಸುವುದು ಬೇರೆ, ‘ಗೊತ್ತಿದೆ, ಇವತ್ತು ನೋಡಲಾರೆ’ ಅನ್ನುವುದು ಬೇರೆ. ನಿಮ್ಮದು ಯಾವುದು ಅಂತ ನಿಮಗೆ ಮಾತ್ರ ಗೊತ್ತು.

ನೋಡಲೇಬೇಕು ಅನ್ನಿಸಿದರೆ ಕಥೆಯನ್ನು ಮೊದಲೇ ಓದಿಕೊಳ್ಳಿ, ಕೊನೆ ಏನು ಅಂತಲೂ. ಸಿನಿಮಾದ ಸ್ವಾರಸ್ಯ ಹಾಳಾಗುತ್ತದೆ ಅಂತ ಹೆದರಬೇಡಿ, ಇಂಥ ಸಿನಿಮಾದ ಸ್ವಾರಸ್ಯ ‘ಮುಂದೇನು’ ಎಂಬುದರಲ್ಲಿ ಇರುವುದಿಲ್ಲ. ಶುರುವಿನಲ್ಲಿ ಹಾಕುವ ಒಂದು ಸಾಲಿನ ಎಚ್ಚರಿಕೆಯನ್ನು ನಂಬಿ ಕೂರಬೇಡಿ. ಅಂಥ ಎಚ್ಚರಿಕೆಗಳಿಂದ ನೋವು ಕಡಿಮೆಯಾಗುವುದಿಲ್ಲ, ಕಾಯುವ ಆತಂಕ ಸ್ವಲ್ಪ ಹೆಚ್ಚಾಗುತ್ತದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿದೆ. ಮನೆಯಲ್ಲಿ, ಹಗಲು ಹೊತ್ತು, ನಡುವೆ ನಿಲ್ಲಿಸಿ ಮಾತಾಡಬಹುದಾದ ಒಬ್ಬರ ಜೊತೆ ನೋಡಿ.

ಒಂದೊಂದು ದೃಶ್ಯವನ್ನು ನೋಡದೇ ದಾಟಿಸಿದರೂ ಪರವಾಗಿಲ್ಲ. ‘ಥರ್ಟೀನ್ ರೀಸನ್ಸ್ ವೈ’ ಎಂಬ ನೆಟ್‌ಫ್ಲಿಕ್ಸ್ ಸರಣಿ 2017ರಲ್ಲಿ ಬಂದಾಗ ಅದರಲ್ಲಿನ ಆತ್ಮಹತ್ಯೆಯ ದೃಶ್ಯ ಅಷ್ಟು ವಿವರವಾಗಿ ಬೇಡವಿತ್ತು ಅಂತ ವೈದ್ಯರು, ಪೋಷಕರು ಬಹಳ ಜನ ಹೇಳಿದರು. ಸರಣಿ ಮಾಡಿದವರಿಂದ ‘ಸತ್ಯ ತೋರಿಸಿದ್ದೇವೆ’ ಅನ್ನುವ ಉತ್ತರ ಬಂತು. 2019ರ ಜುಲೈನಲ್ಲಿ ಆ ದೃಶ್ಯವನ್ನು ಅವರೇ ತೆಗೆದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಸಿನಿಮಾ, ರಂಗಭೂಮಿಯವರಿಗಾಗಿ ಆತ್ಮಹತ್ಯೆಯನ್ನು ಹೇಗೆ ತೋರಿಸಬೇಕು ಅಂತ ಒಂದು ಕೈಪಿಡಿಯನ್ನೂ ಪ್ರಕಟಿಸಿತು. ‘ಇದು ಬೇಡವಿತ್ತು’ ಅಂತ ಮೊದಲು ಹೇಳಿದವರನ್ನೂ ಯಾರೋ ಅತಿಯಾಯಿತು ಅಂದಿರಬೇಕು.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಸಿನಿಮಾ ನೋಡಿ ವಾರಗಳಾದ ಮೇಲೂ ನಿದ್ದೆ ಬರದಿದ್ದರೆ, ಅದೇ ದೃಶ್ಯ ಕಣ್ಮುಂದೆ ಬಂದು ಮೈ ನಡುಗಿದರೆ, ಮನೆಯ ಯಾವುದೋ ಕೋಣೆಗೆ ಹೋಗಲು ಹಿಂಜರಿಕೆಯಾದರೆ, ಅದು ಸಿನಿಮಾದ ವಿಷಯವಲ್ಲ. ಆಗ ಹತ್ತಿರದ ಆಪ್ತ ಸಮಾಲೋಚಕರನ್ನೋ ಮನೋವೈದ್ಯರನ್ನೋ ನೋಡಿ, ತಡ ಮಾಡಬೇಡಿ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ನನಗೆ ಕಂಡಿಲ್ಲ.

ನನಗೆ ಕಂಡಿದ್ದು ಆ ಅಂಗಿ. ಒಂದು ಹನಿ ಕಣ್ಣೀರು ಬರಲಿಲ್ಲ ಅಂತ ಹೇಳಿದ ನೀವು ಒಂದು ತಿಂಗಳಾದರೂ ಅದನ್ನು ಮರೆತಿಲ್ಲ. ಹೊಡೆತ, ಕಿರುಚಾಟ, ಪಿಟೀಲು ಎಲ್ಲ ಮರೆತಿದ್ದೀರಿ. ಒಂದೇ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದ್ದು ಉಳಿದಿದೆ. ಅದು ಅವನ ಅಂಗಿಯಾಗಿತ್ತಾ? ಎರಡನೇ ಸಲ ಮಾಡುವಾಗ ಅವಳಿಗೆ ಗೊತ್ತಿತ್ತಾ, ಮೊದಲೇ ಮಾಡಿದ್ದೇನೆ ಅಂತ? ಸುಕ್ಕು ಉಳಿದರೆ ಏನಾಗುತ್ತದೆ ಅನ್ನುವ ಭಯ ಇತ್ತಾ, ಅಥವಾ ಕೈ ಸುಮ್ಮನಿದ್ದರೆ ಅಳು ಬರುತ್ತದೆ ಅಂತ ಮಾಡುತ್ತಿದ್ದಳಾ? ಆಗ ನಿಮ್ಮ ಕೈ ಎಲ್ಲಿತ್ತು, ಏನು ಮಾಡುತ್ತಿತ್ತು? ಬಿಡುವಾದಾಗ ಈ ಒಂದು ದೃಶ್ಯದ ಬಗ್ಗೆ ಮಾತ್ರ ನನಗೆ ಇನ್ನೊಂದು ಪತ್ರ ಬರೆಯಿರಿ.